ದಪ್ಪಗಾದ ಆನೆಗಳ ಮಳೆಗಾಲ

ಹೋದ ತಿಂಗಳು ಮಗಳನ್ನೂ ಮೊಮ್ಮಗಳನ್ನೂ ರಾಯಚೂರಿನ ರೈಲು ಹತ್ತಿಸಿ ಹೈದರಾಬಾದಿನ ಕಾಚಿಗೂಡ ಸ್ಟೇಷನ್ನಿನಿಂದ ಹೊರಗೆ ಬಂದಾಗ ಮಳೆ ಹಿಡಿಯಿತು. ಕೊಡೆ ಮಗಳ ಜೊತೆ ಹೋಗಿತ್ತು. ಓಡಿ ಹೋಗಿ ಎದುರಿನ ಓಣಿಯಲ್ಲಿರುವ ಯೂಸುಫ್ ಭಾಯಿಯ ಕಂಪ್ಯೂಟರ್ ರಿಪೇರಿ ಅಂಗಡಿಯ ತಗಡಿನ ಕೆಳಗೆ ನಿಂತೆ. ಒಳಗೆ ಅವರು ಯಾವುದಕ್ಕೋ ಬೆಸುಗೆ ಹಾಕುತ್ತಿದ್ದರು. ಸುಟ್ಟ ರಾಳದ ಹೊಗೆ, ಹೊರಗಿನ ಒದ್ದೆ ಗಾಳಿ ಎರಡೂ ಒಟ್ಟಿಗೆ ಮೂಗಿಗೆ ಬಂದವು. ಮಳೆ ನಿಂತ ಮೇಲೂ ನಾನು ಅಲ್ಲಿಂದ ಕದಲಲಿಲ್ಲ. ಮೂರು ವರ್ಷದ ಹಿಂದಿನ ಮಳೆಗಾಲವನ್ನು ಹೆಚ್ಚುಕಡಿಮೆ ಈ ವಾಸನೆಯಲ್ಲೇ ಕಳೆದಿದ್ದೆ.

ಆ ವರ್ಷ ವೈಶಾಖದಲ್ಲಿ ನನ್ನ ಹೆಂಡತಿ ನೀಲಮ್ಮ ತೀರಿಕೊಂಡಿದ್ದಳು.

ನಾನು ಓದಿದ್ದು ಏಳನೇ ಇಯತ್ತೆ. ಯಾದಗಿರಿ ಕಡೆಯಿಂದ ಬಂದು ಮೂವತ್ತಕ್ಕೂ ಹೆಚ್ಚು ವರ್ಷದಿಂದ ಬೇಗಂ ಬಜಾರಿನ ಒಂದು ಕಿರಾಣಿ ಅಂಗಡಿಯಲ್ಲಿ ತೂಕ ಮಾಡುತ್ತಿದ್ದೇನೆ. ಮೊದಲು ಕೈತಕ್ಕಡಿ, ಈಗ ಕರೆಂಟಿನ ಕಾಟಾ. ತಕ್ಕಡಿಯ ಕಾಲದಲ್ಲಿ ಮಾಲಿನ ತಟ್ಟೆ ಒಂದು ಬೆರಳಿನಷ್ಟು ಕೆಳಗಿಳಿಯದೆ ನಾನು ಪೊಟ್ಟಣ ಕಟ್ಟುತ್ತಿರಲಿಲ್ಲ. ತಗೊಂಡವರಿಗೆ ಅಷ್ಟು ಕೊಸರು ಹೋಗಲಿ ಎಂದು. ಮಾಲೀಕರು ಗೊಣಗುತ್ತಿದ್ದರು. ನೀಲಮ್ಮ ಮಾತ್ರ ನಗುತ್ತಿದ್ದಳು: "ನಿಮ್ಮ ಕೈಯಾಗ ತಕ್ಕಡಿ ಒಂದಿನಾನೂ ನೆಟ್ಟಗ ನಿಂತಿಲ್ಲ ನೋಡ್ರಿ."

ಅವಳ ಕೈಯಲ್ಲಿ ಇದ್ದದ್ದು ಕಸೂತಿ. ಅವಳ ತವರಿನಲ್ಲಿ ಹೆಣ್ಣುಮಕ್ಕಳು ಹಾಕುತ್ತಿದ್ದ ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆಯುವುದಿಲ್ಲ, ಅಚ್ಚು ಒತ್ತುವುದಿಲ್ಲ. ಎಳೆ ಎಣಿಸಿ ಸೂಜಿ ಹಾಕಬೇಕು. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ. ಹೈದರಾಬಾದಿಗೆ ಬಂದ ಮೇಲೆ ಸೀರೆ, ರವಿಕೆಯ ಕಣಕ್ಕೆಲ್ಲ ಹಾಕಿಕೊಡುತ್ತಿದ್ದಳು. ಕಣ್ಣು ಸೋಲತೊಡಗಿದಾಗ, ನಲವತ್ತು ದಾಟಿದ ಮೇಲೆ, ಹಿಮಾಯತ್‌ನಗರದ ಒಂದು ಕ್ಲಾಸಿಗೆ ಹೋಗಿ ಕಂಪ್ಯೂಟರಿನಲ್ಲಿ ಕಸೂತಿ ಬರೆಯುವುದನ್ನು ಕಲಿತಳು. ಯಾರೋ ಮಾರಿದ ಹಳೆಯ ಕಂಪ್ಯೂಟರು, ಅದರ ಚಿತ್ರ ನೋಡಿ ತಾನೇ ಹೊಲಿಯುವ ಒಂದು ಎಂಬ್ರಾಯಿಡರಿ ಮಷಿನ್ನು, ಎರಡೂ ಕಾಚಿಗೂಡದ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಗೆ ಬಂದವು. ದಾರ ಹಾಕುವುದು, ಚೌಕಟ್ಟು ಬಿಗಿಯುವುದು ನನ್ನ ಪಾಲಿನ ಕೆಲಸ.

ಅವಳ ಅಕ್ಕ ಕಮಲಕ್ಕನಿಗೆ ಇದು ಹಿಡಿಸಲಿಲ್ಲ. ಬಂದಾಗೊಮ್ಮೆ ಮಷಿನ್ನಿನ ಕಡೆ ಬೆನ್ನು ಹಾಕಿ ಕೂತು, "ನಮ್ಮವ್ವ ಇದ್ದಿದ್ರ ಈ ಡಬ್ಬೀನ ಹೊರಗ ಒಗೀತಿದ್ಲು" ಎನ್ನುತ್ತಿದ್ದಳು.

"ಸೂಜಿ ಬ್ಯಾರೆ ಆತು ಅಕ್ಕಾ, ಎಣಿಕಿ ಅದೇ ಐತಿ" ಎನ್ನುತ್ತಿದ್ದಳು ನೀಲಮ್ಮ.

ಯುಗಾದಿಯ ಹೊತ್ತಿಗೆ ಮಗಳು ಸುಜಾತಾ ಬಸುರಿ ಎಂದು ರಾಯಚೂರಿನಿಂದ ಫೋನು ಬಂತು. ಆಗ ನೀಲಮ್ಮ ಹಾಸಿಗೆ ಹಿಡಿದಿದ್ದಳು. ಕಾಯಿಲೆಯ ಹೆಸರು ಇಲ್ಲಿ ಬರೆಯುವುದಿಲ್ಲ, ಆ ಹೆಸರು ನನಗೆ ಈಗಲೂ ಬೇಡ. ಏಳನೇ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿ ಮಗಳಿಗೆ ತವರಿನ ಹಸಿರು ಸೀರೆ ಉಡಿಸಬೇಕು. "ನಾ ಇರ್ತೀನೋ ಇಲ್ಲೋ, ಸೀರಿ ಮ್ಯಾಲಿನ ಕೆಲಸ ನಂದೇ ಇರಬೇಕು" ಎಂದು ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು ಕೂತು ಬರೆದಳು. ಚೈತ್ರ ಪೂರ್ತಿ ಬರೆದಳು. ನಾನು ಹತ್ತಿರ ಹೋದರೆ, "ಮುಗಿಯೂತನ ನೋಡಬ್ಯಾಡ್ರಿ" ಎಂದು ಪರದೆ ಆರಿಸುತ್ತಿದ್ದಳು. ಒಂದು ದಿನ "ಮುಗೀತು" ಎಂದಳು. ಹನ್ನೆರಡು ದಿನಕ್ಕೆ ಹೋದಳು.

ಜೂನಿನಲ್ಲಿ, ಮಿರಗದ ಮೊದಲ ಮಳೆಗೆ ಮುಂದಿನ ಕೋಣೆ ಸೋರಿತು. ನಾನು ಅಂಗಡಿಯಲ್ಲಿದ್ದೆ. ಬಂದು ನೋಡಿದರೆ ಮಷಿನ್ನಿಗೆ ಏನೂ ಆಗಿಲ್ಲ, ಕಂಪ್ಯೂಟರಿನ ಡಬ್ಬಿಯೊಳಗಿಂದ ಮಾತ್ರ ನೀರು ಇಳಿಯುತ್ತಿತ್ತು. ಸೀರೆಯ ಕೆಲಸ ಅದರೊಳಗಿತ್ತು. ಬೇರೆ ಎಲ್ಲೂ ಇರಲಿಲ್ಲ. ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಯೂಸುಫ್ ಭಾಯಿಯ ಹತ್ತಿರ ಹೋದೆ.

ಯೂಸುಫ್ ಭಾಯಿ ನನಗಿಂತ ನಾಲ್ಕು ವರ್ಷ ದೊಡ್ಡವರು, ಕಲಬುರಗಿ ಕಡೆಯವರು. ಅವರ ಮಗಳ ನಿಕಾಹದ ರವಿಕೆಗಳಿಗೂ ನೀಲಮ್ಮನದೇ ಕೆಲಸ. ಡಬ್ಬಿ ಬಿಚ್ಚಿ ಎರಡು ದಿನ ಒಣಗಿಸಿ ಹೇಳಿದರು: "ಬಸಣ್ಣ, ಡಬ್ಬಿ ಹೋತು. ಡಿಸ್ಕು ಜಿಂದಾ ಐತಿ. ಆದ್ರ ಭಾಬಿ ಕಸೂತಿ ಬರೀತಿದ್ದ ಪ್ರೋಗ್ರಾಮು ಭಾಳ ಹಳೇದು. ಈಗಿನ ಕಂಪ್ಯೂಟರ್ ಅದನ್ನ ಹೊಸ್ತಿಲ ಒಳಗ ಬಿಡಂಗಿಲ್ಲ."

"ಮತ್ತ?"

"ಹೊಸ ಮನಿಯೊಳಗ ಹಳೀ ಮನೀನ ಹಂಗ ಎತ್ತಿ ಇಡ್ತೀನಿ. ಕಂಪ್ಯೂಟರ್ ಒಳಗ ಇನ್ನೊಂದು ಕಂಪ್ಯೂಟರ್. ವರ್ಚುವಲ್ ಮಷೀನ್ ಅಂತಾರ. ಒಳಗಿಂದಕ್ಕ ತಾ ಇನ್ನೂ ಹಳೇ ಡಬ್ಬಿಯಾಗ ಇದ್ದೀನಿ ಅಂತನ ನಂಬಿಕಿ."

ಅವರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ವಾರದ ನಂತರ ಕರೆದರು. ಹೊಸ ಅಗಲ ಪರದೆಯ ನಡುವೆ, ಸುತ್ತಲೂ ಕಪ್ಪು ಬಿಟ್ಟು, ಒಂದು ಸಣ್ಣ ಚೌಕ ಬೆಳಗಿತು. ಅದರಲ್ಲಿ ಸುಜಾತಾಳ ಮದುವೆಯ ಫೋಟೋ. ಅದರ ಮೇಲೆ ನೀಲಮ್ಮ ಸಾಲಾಗಿ ಇಟ್ಟಿದ್ದ ಕಡತಗಳು: ನವಿಲು, ಗೋಪುರ, ತೊಟ್ಟಿಲು, ಕೊನೆಗೆ "ಕುಬಸ". ಅವಳನ್ನು ಸುಟ್ಟು, ಮೂರನೇ ದಿನ ಅಸ್ಥಿ ಆರಿಸಿಕೊಂಡು ಬಂದವನು ನಾನು. ಡಬ್ಬಿ ಗುಜರಿಗೆ ಹೋಗಿದೆ, ಅದರೊಳಗಿದ್ದದ್ದು ಏನೂ ಆಗದ ಹಾಗೆ ಇಲ್ಲಿ ಎದ್ದು ಕೂತಿದೆ. ದೇವರಮನೆಯಲ್ಲಿ ನಿಂತ ಹಾಗೆ ಚಪ್ಪಲಿ ಬಿಟ್ಟು ನಿಂತಿದ್ದೆ ಎಂದು ಆಮೇಲೆ ಯೂಸುಫ್ ಭಾಯಿಯೇ ಹೇಳಿದರು.

ಆದರೆ ಆ ಚೌಕ ಬಹಳ ಸಣ್ಣದು. ಪರದೆಯ ಮೂರರಲ್ಲಿ ಒಂದು ಪಾಲೂ ಇಲ್ಲ. ಕಸೂತಿಯ ಪ್ರೋಗ್ರಾಮು ತೆರೆದರೆ ಅದರ ಗುಂಡಿಗಳೇ ಅರ್ಧ ಜಾಗ ತಿನ್ನುತ್ತಿದ್ದವು, ಕೆಳಗಿನವು ಅಂಚಿನಾಚೆ ಕಾಣದೆ ಹೋಗುತ್ತಿದ್ದವು. ಸೀರೆಯ ಸೆರಗನ್ನು ಹತ್ತಿರದಿಂದ ನೋಡಿದರೆ ಒಂದು ಆನೆಯ ಕಾಲು ಮಾತ್ರ ಕಾಣುತ್ತಿತ್ತು. ದೂರ ಮಾಡಿ ಇಡೀ ಸೆರಗು ನೋಡಲು ಹೋದರೆ ಮಸಿ ಮೆತ್ತಿದ ಹಾಗೆ.

"ಖಾಲಿ-ಪೀಲಿ ಚಿಂತಿ ಮಾಡಬ್ಯಾಡ, ಹಿಗ್ಗಿಸಿಬಿಡೋಣ" ಎಂದು ಯೂಸುಫ್ ಭಾಯಿ ಏನನ್ನೋ ಒತ್ತಿದರು. ಚೌಕ ಎದ್ದು ಇಡೀ ಪರದೆ ತುಂಬಿತು. ಅಂಚುಗಳು ಸ್ವಲ್ಪ ಮಸುಕು, ಆದರೂ ಎಲ್ಲ ಕಂಡಿತು. ಗೋಪುರ, ತುಳಸಿಕಟ್ಟೆ, ತೊಟ್ಟಿಲು, ಆನೆಗಳ ಸಾಲು. ಆದರೆ ಆನೆಗಳು ದಪ್ಪಗಿದ್ದವು. ಸಂತೆಯ ಎಮ್ಮೆಗಳ ಹಾಗೆ ಅಡ್ಡಕ್ಕೆ ಊದಿದ್ದವು. ಗೋಪುರ ಕುಳ್ಳಾಗಿತ್ತು. ತುಳಸಿಕಟ್ಟೆ ಮತ್ತು ತೊಟ್ಟಿಲಿನ ನಡುವೆ ಒಂದು ಕಡೆಗೆ ವಾಲಿದ, ಏನೆಂದು ತಿಳಿಯದ ಒಂದು ಕಲೆ.

ನೀಲಮ್ಮ ಎಂದೂ ಹೀಗೆ ಬರೆದವಳಲ್ಲ. ಚೈತ್ರದ ಆ ದಿನಗಳು ನೆನಪಾದವು. ಔಷಧದ ಮಂಪರು, ಲೋಟ ಹಿಡಿಯಲಾರದ ಬೆರಳು. ಅವಳಿಗೆ ಎಣಿಕೆ ತಪ್ಪಿತ್ತು. ಮೂವತ್ತು ವರ್ಷದಲ್ಲಿ ತಪ್ಪದ ಎಣಿಕೆ ಕಡೆಯ ಕೆಲಸದಲ್ಲಿ ತಪ್ಪಿತ್ತು, ಅದು ಅವಳಿಗೆ ಗೊತ್ತೂ ಆಗಿರಲಿಲ್ಲ. ಇದನ್ನು ಕಮಲಕ್ಕ ನೋಡಬಾರದು, ಯಾರೂ ನೋಡಬಾರದು ಎಂದುಕೊಂಡೆ.

"ಕೈ ನಡುಗಿರಬೇಕು ಭಾಯಿ. ಅಕೀ ಪರವಾಗಿ ನಾವ ಸರಿ ಮಾಡೋಣು" ಎಂದೆ.

ಅವರು ಕಡತದಲ್ಲೇ ಚಿತ್ರದ ಅಗಲವನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಹೋದರು. ಮುಕ್ಕಾಲು ಪಾಲಿಗೆ ಬಂದಾಗ ಆನೆಗಳು ಆನೆಗಳಾದವು. "ಆ ಕಲೀನೂ ಅಳಿಸ್ರಿ" ಎಂದೆ. ಅಳಿಸಿದರು. ಬೇರೆ ಪ್ರತಿ ಇಡದೆ ಮೂಲ ಕಡತದ ಮೇಲೆಯೇ ಉಳಿಸಿದೆವು. ಹೆಂಡತಿಯ ತಪ್ಪು ಮುಚ್ಚಿದೆನೆಂಬ ಸಮಾಧಾನದಲ್ಲಿ ಆ ದಿನ ಹೊಟ್ಟೆ ತುಂಬ ಉಂಡೆ.

ಆಷಾಢ ಬಂತು. ಓಣಿಯಲ್ಲಿ ಬೋನಾಲು ಹಬ್ಬದ ಡಪ್ಪಿನ ಸದ್ದು, ತಲೆಯ ಮೇಲೆ ಬೇವಿನ ಎಲೆ ಕಟ್ಟಿದ ಗಡಿಗೆ ಹೊತ್ತ ಹೆಣ್ಣುಮಕ್ಕಳು, ಅವರ ಹಿಂದೆಯೇ ಮಳೆ. ಕುಬಸವನ್ನು ನಾಗರಪಂಚಮಿಯ ಮರುವಾರ ಕಾಚಿಗೂಡದ ಮನೆಯಲ್ಲೇ ಸಣ್ಣದಾಗಿ ಮಾಡುವುದೆಂದು ಗೊತ್ತಾಗಿತ್ತು. ತಾಯಿಯ ಜಾಗದಲ್ಲಿ ಕಮಲಕ್ಕ ಕೂರುವುದು. ಸುಜಾತಾ ಫೋನು ಮಾಡಿದಾಗೆಲ್ಲ, "ಅಪ್ಪಾ, ಸೀರಿ ಅಂಗಡಿಯಾಗ ತಂದ್ರೂ ನಡೀತೈತಿ. ನೀ ಒಬ್ಬನ ಎಷ್ಟಂತ ಒದ್ದಾಡ್ತಿ?" ಎನ್ನುತ್ತಿದ್ದಳು. "ಅವ್ವಂದು ಆಗಾಕತ್ತೇತಿ" ಎಂದಷ್ಟೇ ಹೇಳುತ್ತಿದ್ದೆ.

ಒಂದು ಭಾನುವಾರ ಹಳೆಯ ಬಿಳಿ ಬಟ್ಟೆಯ ಮೇಲೆ ಮೊದಲು ಹೊಲಿದು ನೋಡೋಣವೆಂದು ಮಷಿನ್ನು ಹಚ್ಚಿದೆ. ಯೂಸುಫ್ ಭಾಯಿಯೂ ಕಡತವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬಂದಿದ್ದರು. ಸೂಜಿ ಟಕಟಕ ಓಡಿತು. ಮೊದಲನೆಯ ಆನೆ ಮೂಡಿತು. ಇಬ್ಬರೂ ಬಗ್ಗಿ ನೋಡಿದೆವು. ಆನೆ ಸೊರಗಿ, ಕಾಲು ಉದ್ದವಾಗಿ, ಹೊಟ್ಟೆ ಬೆನ್ನಿಗೆ ಹತ್ತಿತ್ತು.

"ಇದೇನು ಬಸಣ್ಣ, ರೋಜಾ ಹಿಡ್ದ ಆನಿ ಇದ್ದಂಗ ಐತಿ" ಎಂದರು ಯೂಸುಫ್ ಭಾಯಿ.

ನನಗೆ ನಗು ಬರಲಿಲ್ಲ. ಪರದೆಯ ಮೇಲೆ ಸರಿಯಾಗಿದ್ದ ಆನೆ ಬಟ್ಟೆಗೆ ಬರುವಾಗ ಯಾಕೆ ಸೊರಗಿತು? ದಾರ ಬಿಗಿ ಎಂದರು, ಸಡಿಲಿಸಿದೆ. ಚೌಕಟ್ಟು ಓರೆ ಎಂದರು, ಬದಲಿಸಿದೆ. ಎರಡನೆಯ ಆನೆಯೂ ಸೊರಗಿತು. ಮೂರನೆಯದೂ.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ದಿನವೂ ಮಾಡುವ ಕೆಲಸ ಮಾಡುತ್ತಿದ್ದೆ. ನಮ್ಮಲ್ಲಿ ಒಂದು ಪದ್ಧತಿ: ಬೋಣಿಗೆ ಮೊದಲು ಮುದ್ರೆ ಹಾಕಿದ ಒಂದು ಕಿಲೋ ಕಲ್ಲನ್ನು ಕಾಟಾದ ಮೇಲೆ ಇಟ್ಟು ನೋಡುವುದು. ಕಲ್ಲಿನ ತೂಕ ಗೊತ್ತಿರುವಂಥದ್ದು. ಕಾಟಾ ಬೇರೆ ಏನಾದರೂ ತೋರಿಸಿದರೆ ಸುಳ್ಳು ಕಾಟಾದ್ದು. ಕಲ್ಲು ಇಟ್ಟ ಕೈ ಅಲ್ಲೇ ನಿಂತಿತು. ಪರದೆಯ ಮೇಲೆ ಕಂಡದ್ದನ್ನು ನಂಬಿ ನಾನು ನೀಲಮ್ಮನ ಎಣಿಕೆ ತಪ್ಪು ಎಂದಿದ್ದೆ. ಆ ಪರದೆಯನ್ನು ಪರೀಕ್ಷಿಸಿಯೇ ಇರಲಿಲ್ಲ. ಮೂವತ್ತು ವರ್ಷ ತೂಕ ಮಾಡಿದವನು ಕಲ್ಲು ಇಡದೆ ತೂಗಿದ್ದೆ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಆಟೋ ಹಿಡಿದು ಮನೆಗೆ ಹೋಗಿ ಟಿವಿಯ ಮೇಲೆ ಹೊದಿಸಿದ್ದ ಬಟ್ಟೆಯನ್ನು ಎಳೆದುಕೊಂಡೆ. ಅದರ ಮೇಲೆ ನೀಲಮ್ಮ ಆರೋಗ್ಯವಾಗಿದ್ದಾಗ ಬರೆದು, ನಾನೇ ಮಷಿನ್ನು ಓಡಿಸಿ ಹೊಲಿದ ನವಿಲು ಇತ್ತು. ಅದನ್ನು ಅಂಗಿಯೊಳಗೆ ಸೇರಿಸಿಕೊಂಡು ಮಳೆಯಲ್ಲಿ ಯೂಸುಫ್ ಭಾಯಿಯ ಅಂಗಡಿಗೆ ಓಡಿದೆ.

"ನವಿಲಿನ ಕಡತ ತೆಗೀರಿ ಭಾಯಿ."

ತೆಗೆದರು. ಪರದೆಯ ಪಕ್ಕ ಬಟ್ಟೆ ಹಿಡಿದೆ. ಬಟ್ಟೆಯ ನವಿಲು ಚೆಂದವಾಗಿ ಕತ್ತು ಎತ್ತಿ ನಿಂತಿತ್ತು. ಪರದೆಯ ನವಿಲು ಬಾತುಕೋಳಿಯ ಹಾಗೆ ದಪ್ಪಗಿತ್ತು.

ಯೂಸುಫ್ ಭಾಯಿ ಚಹಾದ ಕಪ್ಪು ಕೆಳಗಿಟ್ಟರು. ಅಳತೆಪಟ್ಟಿ ತೆಗೆದು ಪರದೆಯ ಮೇಲೆ ಕಸೂತಿಯ ಎಣಿಕೆಗೆರೆಗಳ ಒಂದು ಚೌಕವನ್ನು ಅಳೆದರು. ಸಮನಾಗಿರಬೇಕಾದ ಚೌಕ ಎತ್ತರ ಮೂರಿದ್ದರೆ ಅಗಲ ನಾಲ್ಕು ಇತ್ತು. "ತೌಬಾ, ತೌಬಾ" ಎಂದು ಹಣೆ ಹಿಡಿದುಕೊಂಡರು. "ಹಳೇ ಪರದೆ ಮೋಟು, ಹೊಸದು ಅಗಲ. ನಾನ ಹಿಡ್ದು ಜಗ್ಗೀನಿ. ಭಾಬಿ ತಪ್ಪಿಲ್ಲ ಬಸಣ್ಣ. ನಾನು ಗಧಾ."

ನೀಲಮ್ಮ ತಪ್ಪಿರಲಿಲ್ಲ. ಆ ಒಂದು ಮಾತು ಕೇಳಿ ನನಗೆ ಉಸಿರು ಬಂತು. ಮರುಕ್ಷಣವೇ ಹೋಯಿತು. ಸರಿಯಾಗಿದ್ದದ್ದನ್ನು ನಾನೇ ಹೇಳಿ ಹಿಸುಕಿಸಿದ್ದೆ. ಕಲೆ ಎಂದು ಏನನ್ನೋ ಅಳಿಸಿಸಿದ್ದೆ. ಅದರ ಮೇಲೆಯೇ ಉಳಿಸಿದ್ದೆವು. ಅವಳು ದಿಂಬಿಗೊರಗಿ ಎಣಿಸಿದ ಒಂದೊಂದು ಎಳೆಯೂ ನನ್ನ ಕೈಯಿಂದಲೇ ಹೋಗಿತ್ತು. ಮಗಳಿಗೆ ಏನು ಹೇಳಲಿ? ಅಂಗಡಿಯ ಮುಂದಿನ ನೀರು ಮೆಟ್ಟಿಲು ಹತ್ತುತ್ತಿತ್ತು, ನೋಡುತ್ತ ಕೂತೆ.

ಯೂಸುಫ್ ಭಾಯಿ ಕೀಬೋರ್ಡು ಹತ್ತಿರ ಎಳೆದುಕೊಂಡು, "ಒಂದು ಆಸರಾ ಐತಿ" ಎಂದರು. "ಮೊದಲನೇ ದಿನ ನೀ ನೋಡೋಕಿಂತ ಮುಂಚೆ ಈ ಒಳಗಿನ ಕಂಪ್ಯೂಟರ್ ಹೆಂಗಿತ್ತೋ ಹಂಗ ಒಂದು ಗುರ್ತು ಎತ್ತಿ ಇಟ್ಟೀನಿ. ಅದು ನನ್ನ ಚಾಳಿ. ಹೇಳಿದ್ರ ಪೂರಾ ಕಂಪ್ಯೂಟರ್ ಆ ದಿನಕ್ಕ ವಾಪಸ್ ಹೋಗ್ತೈತಿ. ಆಮ್ಯಾಲೆ ಆಗಿದ್ದು ಒಂದೂ ಆಗೇ ಇಲ್ಲ ಅನ್ನೋ ಹಂಗ."

"ಆ ದಿನಕ್ಕ?"

"ಆ ದಿನಕ್ಕ."

ನಾನು ಅವರ ಮುಖ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ನಾನು ಕೇಳದೆ ನುಂಗಿದ ಪ್ರಶ್ನೆ ಅವರಿಗೆ ಕೇಳಿಸಿರಬೇಕು. ಅವರೂ ಹೆಂಡತಿಯನ್ನು ಕಳೆದುಕೊಂಡವರೇ. "ಡಬ್ಬಿಗಷ್ಟೇ ಬಸಣ್ಣ" ಎಂದರು ಮೆಲ್ಲಗೆ. ಒತ್ತಿದರು. ಒಂದು ಹಸಿರು ಪಟ್ಟಿ ಪರದೆಯ ಮೇಲೆ ಎಡದಿಂದ ಬಲಕ್ಕೆ ತುಂಬುತ್ತ ಹೋಯಿತು. ಮುಗಿದಾಗ ಆ ಸಣ್ಣ ಚೌಕ, ಮದುವೆಯ ಫೋಟೋ, "ಕುಬಸ". ತೆರೆದರೆ ಆನೆಗಳಿದ್ದವು, ಕಲೆ ಇದ್ದ ಜಾಗದಲ್ಲಿ ಕಲೆಯೂ ಇತ್ತು. ನನ್ನ ಕೈ ತಾಗುವ ಮೊದಲು ಹೇಗಿತ್ತೋ ಹಾಗೆ. ಆದದ್ದನ್ನು ಆಗದ ಹಾಗೆ ಮಾಡು ಎಂದು ಎಷ್ಟೋ ಸಲ ನಾನು ದೇವರನ್ನು ಬೇಡಿದ್ದೆ. ಅದು ಒಂದು ರಿಪೇರಿ ಅಂಗಡಿಯ ಮೇಜಿನ ಮೇಲೆ, ಒಂದು ಕಡತದ ಮಟ್ಟಿಗೆ, ಆಯಿತು.

"ಇನ್ನ ಜಗ್ಗೋದು ಬ್ಯಾಡ. ಒಳಗಿಂದನ ಸರಿ ಮಾಡೋಣು" ಎಂದರು. ಅದಕ್ಕೆ ಇನ್ನೂ ಆರು ದಿನ ಹಿಡಿಯಿತು. ಒಳಗಿನ ಕಂಪ್ಯೂಟರಿನಲ್ಲಿ ಪರದೆಯ ಅಳತೆ ಬದಲಿಸಲು ಹೋದರೆ ಎರಡೇ ಅಳತೆ ಕೊಡುತ್ತಿತ್ತು, ಎರಡೂ ಮೋಟು. ಚಿತ್ರಕ್ಕೆಂದು ಇಟ್ಟ ಮೆಮೊರಿ ಸಾಲದೆಂದು ಹೆಚ್ಚಿಸಿದರು. ಮತ್ತೆ ಅವೇ ಎರಡು.

"ಯಾಕ ಹಂಗ ಹಟ ಮಾಡ್ತೈತಿ?" ಎಂದು ಕೇಳಿದೆ.

"ಹಟ ಅಲ್ಲ. ಹೊರಗ ಎಷ್ಟು ದೊಡ್ಡ ಪರದೆ ಐತಿ ಅಂತ ಅದಕ್ಕ ಗೊತ್ತಿಲ್ಲ. ಯಾರೂ ಹೇಳಿಲ್ಲ. ಹೇಳೋದಕ್ಕ ಒಂದು ಸಣ್ಣ ಪ್ರೋಗ್ರಾಮು ಬರ್ತೈತಿ. ಅದನ್ನ ಒಳಗ ಕುಂದರಿಸಬೇಕು. ಒಳಗಿನ ಮಾತು ಹೊರಗ, ಹೊರಗಿನ ಮಾತು ಒಳಗ ಹೇಳ್ತೈತಿ."

ಹೊಸ ಪ್ರೋಗ್ರಾಮು ಹಾಕಿದರೆ ಒಳಗಿನದು ಒಪ್ಪಲಿಲ್ಲ. ಅದರ ಕಾಲದ ಮಾತೇ ಬೇಕಿತ್ತು. ಹುಡುಕಿ ಹುಡುಕಿ ಎಷ್ಟೋ ವರ್ಷ ಹಿಂದಿನದೊಂದನ್ನು ಇಳಿಸಿಕೊಂಡರು. ಪ್ರತಿ ಸಲ ಹೊಸದೇನಾದರೂ ಮಾಡುವ ಮೊದಲು ಒಂದು ಗುರ್ತು ಎತ್ತಿಡಿಸಿದೆ. ಅವರು ಮರೆತರೆ ನಾನೇ ನೆನಪಿಸುತ್ತಿದ್ದೆ. ಅಂಗಡಿ ಬಿಟ್ಟು ದಿನವೂ ಅವರ ಸ್ಟೂಲಿನ ಮೇಲೆ ಕೂತು, ರಾಳದ ಹೊಗೆ ಕುಡಿಯುತ್ತ ನೋಡುತ್ತಿದ್ದೆ. ಮನೆಗೆ ಹೋಗಬೇಕೆನಿಸುತ್ತಿರಲಿಲ್ಲ.

ಶ್ರಾವಣದ ಮೊದಲ ಭಾನುವಾರ ಬೆಳಿಗ್ಗೆ ಆ ಹಳೆಯ ಪ್ರೋಗ್ರಾಮು ಒಳಗೆ ಕೂತಿತು. ಆರಿಸಿ ಹಚ್ಚಬೇಕು ಎಂದರು. ಹಚ್ಚಿದರು. ಪರದೆ ಪೂರ್ತಿ ಕಪ್ಪಾಯಿತು. ನಾನು ಒಂದು, ಎರಡು ಎಂದು ಎಣಿಸತೊಡಗಿದೆ. ನಲವತ್ತು ದಾಟಿತು. ಯೂಸುಫ್ ಭಾಯಿಯ ತುಟಿಯೂ ಅಲ್ಲಾಡುತ್ತಿತ್ತು, ಅವರು ಎಣಿಸುತ್ತಿದ್ದರೋ ಪ್ರಾರ್ಥಿಸುತ್ತಿದ್ದರೋ ತಿಳಿಯದು. ಆಮೇಲೆ ಒಮ್ಮೆಲೇ ಕಪ್ಪು ನಾಲ್ಕೂ ಕಡೆ ಸರಿದು ಬೆಳಕು ಅಂಚಿನಿಂದ ಅಂಚಿಗೆ ಹರಡಿತು. ಫೋಟೋದಲ್ಲಿ ಮಗಳ ಪಕ್ಕ ನಿಂತ ನೀಲಮ್ಮನ ಮೂಗುಬಟ್ಟಿನ ಹರಳೂ ಕಾಣಿಸಿತು.

"ಕುಬಸ" ತೆರೆದರು.

ಅದನ್ನು ಹೇಗೆ ಬರೆಯಲಿ ತಿಳಿಯದು. ಇಡೀ ಸೆರಗು ಒಂದೇ ನೋಟಕ್ಕೆ ಇತ್ತು, ಒಂದೊಂದು ಹೊಲಿಗೆಯೂ ಬೇರೆ ಬೇರೆ ಕಾಣುತ್ತಿತ್ತು. ಗೋಪುರಗಳು ನೆಟ್ಟಗೆ ನಿಂತಿದ್ದವು. ಆನೆಗಳು ಸೊಂಡಿಲೆತ್ತಿ ಹೊರಟಿದ್ದವು, ಮುಂದಿನ ಆನೆಯಿಂದ ಹಿಂದಿನ ಆನೆಗೆ ಒಂದೇ ಅಂತರ. ಲೋಟ ಹಿಡಿಯಲಾರದ ಕೈ ಇಷ್ಟನ್ನು ಹೇಗೆ ಎಣಿಸಿತು? ಎಷ್ಟು ಸಾವಿರ ಸಲ ಬೆರಳೆತ್ತಿ ಇಳಿಸಿತು? ಅದೇ ಕೋಣೆಯಲ್ಲಿ, ನಾಲ್ಕು ಹೆಜ್ಜೆ ದೂರದಲ್ಲಿ ನಾನಿದ್ದೆ, ನನಗೆ ಗೊತ್ತಿರಲಿಲ್ಲ. ಗುಡಿಯ ಮುಂದೆ ನಿಂತರೂ ನನಗೆ ಅಷ್ಟು ಭಯಭಕ್ತಿ ಬಂದದ್ದಿಲ್ಲ.

"ಬಸಣ್ಣ, ನೀ ಅಳಿಸು ಅಂದಿದ್ದ ಕಲಿ ನೋಡು" ಎಂದರು ಯೂಸುಫ್ ಭಾಯಿ.

ತುಳಸಿಕಟ್ಟೆಗೂ ತೊಟ್ಟಿಲಿಗೂ ನಡುವೆ, ಯಾವ ಕಸೂತಿಯಲ್ಲೂ ನಾನು ಕಾಣದ ಒಂದು ಚಿತ್ರ. ಒಂದು ತಕ್ಕಡಿ. ನಡುವೆ ಮುಳ್ಳು, ಎರಡು ಕಡೆ ಸರಪಳಿ, ಎರಡು ತಟ್ಟೆ. ಎಡಗಡೆಯ ಸರಪಳಿ ಎಣಿಸಿದೆ: ಒಂಬತ್ತು ಹೊಲಿಗೆ. ಬಲಗಡೆಯದು, ನಾನು ಮಾಲು ಹಾಕುವ ಕಡೆಯದು, ಹನ್ನೊಂದು. ಮತ್ತೆ ಎಣಿಸಿದೆ. ಮೂರನೆಯ ಸಲ ಎಣಿಸಲಾಗಲಿಲ್ಲ, ಕಣ್ಣು ಮಂಜಾಗಿತ್ತು. ಯೂಸುಫ್ ಭಾಯಿ ಎದ್ದು ಹೋಗಿ ಹೊರಗೆ ಮಳೆ ನೋಡುತ್ತ ನಿಂತರು.

ಹಸಿರು ಇಳಕಲ್ ಸೀರೆಯ ಮೇಲೆ ಅದನ್ನು ನಾನೇ ಹೊಲಿದೆ. ಮೂರು ದಿನ ಮಷಿನ್ನಿನ ಮುಂದಿನಿಂದ ಏಳಲಿಲ್ಲ.

ಕುಬಸದ ದಿನ ಕಮಲಕ್ಕ ಸೀರೆ ಬಿಡಿಸಿದಳು. ಮಷಿನ್ನಿಗೆ ಬೆನ್ನು ಹಾಕಿ ಕೂರುತ್ತಿದ್ದವಳು ಸೆರಗನ್ನು ಬಾಗಿಲ ಬೆಳಕಿಗೆ ಒಯ್ದು, ಆನೆಯಿಂದ ಆನೆಗೆ ಬೆರಳು ಓಡಿಸುತ್ತ ಬಹಳ ಹೊತ್ತು ನೋಡಿದಳು. ಬೆರಳು ತಕ್ಕಡಿಯ ಮೇಲೆ ನಿಂತಿತು.

"ಬಸಣ್ಣಾರ, ಇದೊಂದು ಡೊಂಕಾಗೇತಲ್ರಿ. ಪಾಪ, ಜಡ್ಡಿನಾಗ ಬರ್ದಾಳ. ಎರಡು ಹೊಲಿಗಿ ಬಿಚ್ಚಿ ನೆಟ್ಟಗ ಮಾಡ್ಲೇನು? ಯಾರಿಗೂ ಗೊತ್ತಾಗಂಗಿಲ್ಲ."

"ಮುಟ್ಟಬ್ಯಾಡ್ರಿ ಅಕ್ಕಾರ" ಎಂದೆ. ದನಿ ಜೋರಾಯಿತೇನೋ, ಸುಜಾತಾ ಕೂತಲ್ಲಿಂದ ತಲೆಯೆತ್ತಿದಳು. "ಎಣಿಸಿ ನೋಡ್ರಿ."

ಕಮಲಕ್ಕ ಸೆರಗನ್ನು ಕಣ್ಣಿನ ಹತ್ತಿರ ಹಿಡಿದು ಉಗುರಿನಿಂದ ಒಂದೊಂದೇ ಹೊಲಿಗೆ ಒತ್ತುತ್ತ ಎಡಗಡೆ ಎಣಿಸಿದಳು. ಬಲಗಡೆ ಎಣಿಸಿದಳು. ನನ್ನ ತಕ್ಕಡಿಯ ಬಗ್ಗೆ ತಂಗಿ ನಗುತ್ತಿದ್ದುದನ್ನು ಅವಳೂ ಕೇಳಿದ್ದಳು. ನನ್ನನ್ನು ನೋಡಿದಳು, ಮತ್ತೆ ತಕ್ಕಡಿಯನ್ನು ನೋಡಿದಳು. ಹೋಗಿ ಸೆರಗನ್ನು ಸುಜಾತಾಳ ಹೆಗಲಿಗೆ ಹಾಕಿ, ಮಡಿಕೆ ಸರಿಪಡಿಸಿ, ತಕ್ಕಡಿ ಮುಂದಕ್ಕೆ ಕಾಣುವ ಹಾಗೆ ಇಟ್ಟಳು.

"ಡೊಂಕಿಲ್ಲ ಬಿಡವ್ವಾ" ಎಂದಳು ಸುಜಾತಾಳಿಗೆ. "ನಿಮ್ಮವ್ವ ಎಣಿಸೇ ಹಾಕ್ಯಾಳ."